ತೊಟ್ಟು ಎಣ್ಣೆಯಿಲ್ಲದ ಚಿಪ್ಸು

ರಘುನಾಥನಿಗೆ ಅಡುಗೆ ಬರುವುದಿಲ್ಲ ಎಂದು ಹೇಳಿದವರು ಯಾರು? ಅವನ ಹೆಂಡತಿ ಆಶಾರಾಣಿ. ಎಲ್ಲಿ ಹೇಳಿದಳು? ಜಕ್ಕೂರಿನ ಅವರ ಮನೆಯ ಹಾಲ್‌ನಲ್ಲಿ, ಅವನ ಹೆತ್ತ ತಾಯಿಯ ಎದುರಿಗೆ, ಕಾಲೇಜಿಗೆ ಹೋಗುವ ಮಗಳ ಎದುರಿಗೆ, ಅಷ್ಟು ಸಾಲದು ಎಂಬಂತೆ ಪಾತ್ರೆ ತೊಳೆಯಲು ಬಂದಿದ್ದ ಕೃಷ್ಣಮ್ಮನ ಎದುರಿಗೆ. ಕೃಷ್ಣಮ್ಮ ನಗು ತಡೆಯಲಾರದೆ ಸೋಪು ಹತ್ತಿದ ಕೈಯನ್ನೇ ಬಾಯಿಗೆ ಒತ್ತಿಕೊಂಡಳು, ಆಮೇಲೆ ಸಿಂಕಿನ ಮುಂದೆ ನಿಂತು ಹತ್ತು ನಿಮಿಷ ಥೂ ಥೂ ಎಂದು ಉಗಿದಳು. ಸ್ವಂತ ಮನೆಯಲ್ಲಿ ಮನುಷ್ಯ ಇಂಥದ್ದನ್ನೆಲ್ಲ ಎಷ್ಟು ದಿನ ಸಹಿಸಬೇಕು, ನೀವೇ ಹೇಳಿ.

ಮಾತು ಅಲ್ಲಿಗೆ ಹೋದದ್ದು ಹೀಗೆ. ರಘುನಾಥನ ತಾಯಿ ಮುನಿವೆಂಕಟಮ್ಮನವರಿಗೆ ಶ್ರಾವಣ ಶನಿವಾರ ಬಂದರೆ ಒಪ್ಪತ್ತು. ಮಧ್ಯಾಹ್ನ ಒಂದೇ ಊಟ, ಸಂಜೆಗೆ ಒಂದು ಹಿಡಿ ಅವಲಕ್ಕಿ. ಅದರ ಜೊತೆಗೆ ಒಂದು ಹರಕೆಯೂ ಇದೆ. ರಘುನಾಥ ನಾಲ್ಕು ವರ್ಷದವನಾಗಿದ್ದಾಗ ಜ್ವರ ಬಂದು ಮೂರು ದಿನ ಕಣ್ಣು ಬಿಡಲಿಲ್ಲವಂತೆ. ಆಗ ಈ ತಾಯಿ, "ತಿಮ್ಮಪ್ಪಾ, ನನ್ ಮಗನ್ನ ಉಳಿಸ್ಕೊಡು. ನಾನಿರೋಗಂಟ ಶ್ರಾವಣ ಶನಿವಾರ ಅಂಗಡೀದು, ಹೊರಗಡೇದು ಒಂದು ತುಣುಕೂ ಬಾಯಿಗೆ ಹಾಕಲ್ಲ. ಮನೆಯೋರು ಮಾಡಿದ್ದು ಮಾತ್ರ ತಿಂತೀನಿ" ಎಂದು ಸೆರಗೊಡ್ಡಿ ಬೇಡಿಕೊಂಡರು. ಮಗ ಉಳಿದ. (ಉಳಿದದ್ದಕ್ಕೆ ಸಾಕ್ಷಿಯಾಗಿ ಈಗ ತೊಂಬತ್ತೆರಡು ಕಿಲೋ ತೂಗುತ್ತಾನೆ.) ನಲವತ್ತೈದು ವರ್ಷದಿಂದ ಮುನಿವೆಂಕಟಮ್ಮನವರು ಆ ಮಾತಿಗೆ ತಪ್ಪಿಲ್ಲ. ಒಮ್ಮೆ ನೆಂಟರ ಮನೆಯ ಗೃಹಪ್ರವೇಶ ಶ್ರಾವಣ ಶನಿವಾರವೇ ಬಂದಾಗ, ಒಬ್ಬಟ್ಟು ಬಡಿಸಿದ ಎಲೆಯ ಮುಂದೆ ಕೂತು ಎಲ್ಲರ ಯೋಗಕ್ಷೇಮ ವಿಚಾರಿಸಿ, ಮನೆಯಿಂದ ಒಯ್ದಿದ್ದ ಅವಲಕ್ಕಿ ಡಬ್ಬಿ ಬಿಚ್ಚಿ ತಿಂದು ಎದ್ದು ಬಂದವರು ಅವರು.

ಈ ಸಲದ ಮೊದಲ ಶ್ರಾವಣ ಶನಿವಾರ ಮೊಮ್ಮಗಳು ಸ್ಮಿತಾ ಸೋಫಾದ ಮೇಲೆ ಕಾಲು ಚಾಚಿಕೊಂಡು ಚಿಪ್ಸು ತಿನ್ನುತ್ತಿದ್ದಳು. ಅಜ್ಜಿ ಅವಲಕ್ಕಿ ತಟ್ಟೆ ಹಿಡಿದು ಅವಳ ಬಾಯನ್ನೇ ನೋಡುತ್ತ ಕೂತಿದ್ದರು.

"ಅದೇನ್ ಸದ್ದು ಕಣೇ ಅದು! ಕೇಳಿದ್ರೇನೇ ಬಾಯಾಗೆ ನೀರ್ ಬರ್ತದೆ."

"ತಗೋ ಅಜ್ಜಿ, ಒಂದು."

"ಅಯ್ಯೋ ಬ್ಯಾಡ ಕಣವ್ವ. ಇವತ್ತು ಅಂಗಡೀದು ಮುಟ್ಟಂಗಿಲ್ಲ. ಮಿಕ್ಕಿದ್ ದಿನ ಎಣ್ಣೇದು ಮುಟ್ಟಂಗಿಲ್ಲ ಅಂತ ಆ ಡಾಕ್ಟ್ರು ಯೋಳವ್ರೆ. ಇನ್ ಯಾವ ಜನ್ಮಕ್ಕೋ ಏನೋ."

ಇದನ್ನು ಕೇಳಿ ರಘುನಾಥನ ಕರುಳು ಚುರುಕ್ ಎಂದಿತು. ಪೇಪರ್ ಮಡಚಿ ಪಕ್ಕಕ್ಕಿಟ್ಟು, ಚುನಾವಣೆಗೆ ನಿಂತವನ ಹಾಗೆ ಗಂಟಲು ಸರಿಮಾಡಿಕೊಂಡ.

"ಅಮ್ಮಾ, ಮುಂದಿನ್ ಶನಿವಾರ ನಾನ್ ಮಾಡ್ಕೊಡ್ತೀನಿ. ಮನೇಲೇ. ಓವನ್‌ನಲ್ಲಿ. ಒಂದ್ ತೊಟ್ಟು ಎಣ್ಣೆ ಇಲ್ದೆ. ನಿನ್ ಹರಕೇನೂ ಉಳಿಯುತ್ತೆ, ಡಾಕ್ಟ್ರ ಮಾತೂ ಉಳಿಯುತ್ತೆ."

ಆಶಾರಾಣಿ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಿದಳು. "ಯಾರು? ನೀವಾ?"

"ನಾನೇ. ಯಾಕೆ?"

"ರೀ, ಹೋದ್ ವರ್ಷ ನಾನ್ ಎರಡು ದಿನ ಇರ್ಲಿಲ್ಲ ಅಂತ ಹಾಲು ಕಾಯಿಸೋಕ್ ಹೋಗಿದ್ರಲ್ಲ, ಏನಾಯ್ತು?"

"ಅದು ಪಾತ್ರೆ ಸರಿಯಿರ್ಲಿಲ್ಲ."

"ಪಾತ್ರೆ ಸರಿಯಾಗೇ ಇತ್ತು. ಅದಕ್ಕೆ ಹಾಲು ಹಾಕೋದನ್ನ ಮರ್ತಿದ್ರಿ. ನಿಮಗೆ ಅಡುಗೆ ಬರಲ್ಲ ಕಣ್ರೀ, ಒಪ್ಕೊಂಡ್ಬಿಡಿ."

ಕೃಷ್ಣಮ್ಮ ಸೋಪಿನ ಕೈಯನ್ನು ಬಾಯಿಗೆ ಒತ್ತಿಕೊಂಡದ್ದು ಆಗಲೇ. ಮುನಿವೆಂಕಟಮ್ಮನವರು ಮಾತ್ರ ನಗಲಿಲ್ಲ. "ಮಾಡ್ತಾನೆ ಬಿಡಮ್ಮ, ನನ್ ಮಗ ಮಾಡ್ತೀನಿ ಅಂದ್ರೆ ಮಾಡ್ತಾನೆ" ಎಂದರು. ಆ ಮಾತೇ ಮುಂದೆ ಅವನ ಕುತ್ತಿಗೆಗೆ ಬಂತು.

ಶನಿವಾರ ಬಂತು. ಆಶಾರಾಣಿ ಮಗಳನ್ನು ಕರೆದುಕೊಂಡು ಗಂಗಾನಗರದ ತವರುಮನೆಗೆ ಹೊರಟಳು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ, "ಆರು ಗಂಟೆಗೆ ಬರ್ತೀವಿ. ಚಿಪ್ಸ್ ಇಲ್ದಿದ್ರೂ ಪರವಾಗಿಲ್ಲ, ಮನೆ ಇರ್ಲಿ" ಎಂದಳು. ಅಮ್ಮ ಬೆಳಿಗ್ಗೆಯೇ ದೇವಸ್ಥಾನಕ್ಕೆ ಹೋಗಿ ಬಂದು, ಊಟ ಮುಗಿಸಿ ತಮ್ಮ ರೂಮಿನಲ್ಲಿ ಮಲಗಿದ್ದರು. ರಣರಂಗ ಖಾಲಿಯಾಗಿತ್ತು.

ಓವನ್ ಬಗ್ಗೆ ಎರಡು ಮಾತು ಹೇಳಬೇಕು. ಈ ಮನೆಯ ಗೃಹಪ್ರವೇಶಕ್ಕೆ ಯಾರೋ ಉಡುಗೊರೆ ಕೊಟ್ಟದ್ದು, ಮೂರು ವರ್ಷವಾಯಿತು. ಅದರೊಳಗೆ ಇದುವರೆಗೆ ಬೆಂದದ್ದು ಏನೂ ಇಲ್ಲ, ತುಂಬಿದ್ದು ಮಾತ್ರ ಬಹಳ. ರಘುನಾಥ ಬಾಗಿಲು ತೆಗೆದಾಗ ತರಕಾರಿ ತಂದ ಪ್ಲಾಸ್ಟಿಕ್ ಕವರುಗಳು, ಒಂದು ಮುಷ್ಟಿ ರಬ್ಬರ್ ಬ್ಯಾಂಡು, ಡಬ್ಬಿಯಿಲ್ಲದ ಮುಚ್ಚಳಗಳು, ಮುಚ್ಚಳವಿಲ್ಲದ ಡಬ್ಬಿಗಳು ಮತ್ತು ತಾರೀಖು ಮೀರಿದ ಒಂದು ಕಟ್ಟು ಹಪ್ಪಳ ಹೊರಗೆ ಬಿದ್ದವು. ಆ ಮನೆಯಲ್ಲಿ ಎಲ್ಲರೂ ಕಣ್ಣಿಗೆ ಬೇಡವಾದದ್ದನ್ನು ಓವನ್ನಿಗೆ ತಳ್ಳಿ ಬಾಗಿಲು ಮುಚ್ಚುತ್ತಿದ್ದರು, ಆಮೇಲೆ ಯಾರೂ ಅದನ್ನು ತೆಗೆಯುತ್ತಿರಲಿಲ್ಲ.

ರಘುನಾಥನಿಗೆ ಯಲಹಂಕದಲ್ಲಿ ಟೈಲ್ಸ್ ಅಂಗಡಿ. ಇಪ್ಪತ್ತು ವರ್ಷ ಟೈಲ್ಸ್ ಮಾರಿದ ಕಣ್ಣು ಅದು. ಆಲೂಗಡ್ಡೆಯನ್ನು ಒಂದೇ ದಪ್ಪಕ್ಕೆ ಹೆಚ್ಚಿ, ತೊಳೆದು, ಹೆಂಡತಿಯ ಹೊಸ ಟವೆಲ್ಲಿನ ಮೇಲೆ ಒಣಗಿಸಿ, ಟ್ರೇಯಲ್ಲಿ ಸಾಲಿಗೆ ಆರರಂತೆ ನಾಲ್ಕು ಸಾಲು ಜೋಡಿಸಿದ. ಬಿಲ್ಲೆ ಬಿಲ್ಲೆಗೂ ನಡುವೆ ಬೆಂಕಿಕಡ್ಡಿಯಷ್ಟು ಜಾಗ. ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಿದ. ಒಂದು ಬಿಲ್ಲೆ ಸ್ವಲ್ಪ ವಾರೆಯಾಗಿತ್ತು, ಸರಿಮಾಡಿದ. ಉಪ್ಪನ್ನು ಬಟ್ಟಲಿಗೆ ಹಾಕಿ ಕಟ್ಟೆಯ ಮೇಲೆ ಕೈಗೆ ಸಿಗುವಂತೆ ಇಟ್ಟುಕೊಂಡ. ಇಷ್ಟರವರೆಗೆ ಅವನ ಕೆಲಸದಲ್ಲಿ ಯಾರೂ ಬೆರಳು ತೋರಿಸುವಂತಿರಲಿಲ್ಲ.

ಎಡವಿದ್ದು ಬಿಸಿಯ ವಿಚಾರದಲ್ಲಿ. ಮೊಬೈಲಿನಲ್ಲಿ ಹೇಳಿಕೊಟ್ಟ ಹೆಂಗಸು ನೂರ ಎಂಬತ್ತು ಡಿಗ್ರಿ ಸಾಕು ಎಂದಿದ್ದಳು. ರಘುನಾಥ ನಕ್ಕ. ಪಾಪ, ಅವಳಿಗೇನು ಗೊತ್ತು! ಟೈಲ್ಸು ಗಟ್ಟಿಯಾಗುವುದು ಸಾವಿರ ಡಿಗ್ರಿ ದಾಟಿದ ಮೇಲೆ. ಬೆಂಕಿ ಹೆಚ್ಚಿದಷ್ಟೂ ಮಾಲು ಗಟ್ಟಿ, ಗಟ್ಟಿಯಾದಷ್ಟೂ ಕುರುಕುರು. ಇದು ಇಪ್ಪತ್ತು ವರ್ಷದ ಅನುಭವ. ಟ್ರೇಯನ್ನು ಓವನ್ನಿಗೆ ತಳ್ಳಿ ಗುಂಡಿಯನ್ನು ತಿರುಗಿಸಿದ. ಇನ್ನೂರ ಐವತ್ತಕ್ಕೆ ಅದು ನಿಂತುಬಿಟ್ಟಿತು, ಇಲ್ಲದಿದ್ದರೆ ಇನ್ನೂ ತಿರುಗಿಸುವವನೇ.

ಅಷ್ಟು ಹೊತ್ತಿಗೆ ಅಂಗಡಿಯಿಂದ ಫೋನು. ಯಾರೋ ಗಿರಾಕಿಯ ಬಾತ್‌ರೂಮಿನ ಟೈಲ್ಸು ಅರ್ಧ ಒಂದು ಬಣ್ಣ, ಅರ್ಧ ಒಂದು ಬಣ್ಣ ಬಂದಿದೆಯಂತೆ. ಅಮ್ಮನ ನಿದ್ದೆ ಕೆಡಬಾರದೆಂದು ರಘುನಾಥ ತಾರಸಿಗೆ ಹೋಗಿ ಜಗಳ ಮುಂದುವರಿಸಿದ. ತಲೆಯ ಮೇಲೆ ಜಕ್ಕೂರು ಏರೋಡ್ರೋಮಿನ ಪುಟ್ಟ ತರಬೇತಿ ವಿಮಾನವೊಂದು ಸುತ್ತು ಹಾಕುತ್ತಿತ್ತು. ಸ್ವಲ್ಪ ಹೊತ್ತಿಗೆ ಏನೋ ಸುಟ್ಟ ವಾಸನೆ ಬಂತು. ರಘುನಾಥ ಆಕಾಶ ನೋಡಿ, "ಇದೇನಪ್ಪ, ಇವತ್ತು ವಿಮಾನ ಇಷ್ಟೊಂದು ಹೊಗೆ ಬಿಡ್ತಿದೆ" ಎಂದುಕೊಂಡ. ವಿಮಾನ ಇಳಿದು ಹೋಯಿತು. ವಾಸನೆ ಹೋಗಲಿಲ್ಲ.

ಮೂರು ಮೂರು ಮೆಟ್ಟಿಲು ಹಾರಿ ಕೆಳಗೆ ಓಡಿದ. ಅಡುಗೆಮನೆ ಹೊಗೆಯಲ್ಲಿ ಮುಳುಗಿತ್ತು. ಸ್ವಿಚ್ ಆರಿಸಿ, ಅದೇ ಹೊಸ ಟವೆಲ್ಲಿನಿಂದ ಟ್ರೇ ಹೊರಗೆಳೆದ. ಇಪ್ಪತ್ನಾಲ್ಕು ಬಿಲ್ಲೆಗಳೂ ಸಾಲು ತಪ್ಪದೆ, ಒಂದು ಕೂದಲೆಳೆಯೂ ಅಲುಗದೆ, ಹೇಗೆ ಜೋಡಿಸಿದ್ದನೋ ಹಾಗೆಯೇ ಇದ್ದವು. ಬಣ್ಣ ಮಾತ್ರ ಬೇರೆ. ನಡುವಿನ ಕೆಲವು ಕಡು ಕಂದು, ಸುತ್ತಲಿನವು ಇದ್ದಿಲು.

"ರಘೂ, ಏನಪ್ಪಾ ಅದು ವಾಸನೆ?" ರೂಮಿನಿಂದ ಅಮ್ಮನ ದನಿ.

"ಏನಿಲ್ಲಮ್ಮಾ! ಸಾಂಬ್ರಾಣಿ!"

"ಸಾಂಬ್ರಾಣಿ ಇಂಗೆ ನಾರ್ತದಾ?"

"ಹೊಸದು ಕಣಮ್ಮ! ಮಲ್ಕೋ ನೀನು!"

ಮಂಚ ಕಿರ್ರೆಂದಿತು. ರಘುನಾಥ ರೂಮಿನ ಬಾಗಿಲ ಕಡೆ ನೋಡಿದ. ಟ್ರೇಯನ್ನು ಹಾಗೆಯೇ ಓವನ್ನಿಗೆ ತಳ್ಳಿ ಬಾಗಿಲು ಮುಚ್ಚಿದ. ಕಿಟಕಿ ತೆಗೆದು, ಫ್ಯಾನ್ ಹಾಕಿ, ಗಡಿಯಾರ ನೋಡಿದ. ನಾಲ್ಕೂವರೆ. ಮನೆಯಲ್ಲಿ ಆಲೂಗಡ್ಡೆ ಉಳಿದಿರಲಿಲ್ಲ. ಉಳಿದಿದ್ದರೂ ಧೈರ್ಯ ಉಳಿದಿರಲಿಲ್ಲ. ಆರು ಗಂಟೆಗೆ ಹೆಂಡತಿ ಬಂದು ನಿಂತು, ಒಂದು ಮಾತೂ ಆಡದೆ ಸುಮ್ಮನೆ ನೋಡುತ್ತಾಳಲ್ಲ, ಆ ನೋಟ ನೆನಪಾಯಿತು. ಸ್ಕೂಟರ್ ಕೀ ತೆಗೆದುಕೊಂಡ.

ಮೇನ್ ರೋಡಿನ ಹಾಟ್ ಚಿಪ್ಸ್ ಅಂಗಡಿಯ ಆವಲಪ್ಪ ಹಳೇ ಜಕ್ಕೂರಿನವನೇ, ಇವರ ಮನೆಯ ಒಳಹೊರಗೆಲ್ಲ ಬಲ್ಲವನು. ರಘುನಾಥ ಅರ್ಧ ಕೇಜಿ ಆಲೂಗಡ್ಡೆ ಚಿಪ್ಸು ಕೇಳಿದಾಗ ಕಾದ ಬಾಣಲೆಯ ಹಿಂದಿನಿಂದಲೇ ಮಾತಾಡಿಸಿದ.

"ಏನ್ ಸಮಾಚಾರ ಅಣ್ಣ? ಅಮ್ಮೋರು ಇವತ್ತು ಒಪ್ಪತ್ತಲ್ವಾ? ಅಂಗಡೀದು ಮುಟ್ಟಲ್ವಲ್ಲ, ಯಾರ್ಗೆ ಇದು?"

"ನನ್ಗೆ ಕಣೋ. ನನ್ಗೇ."

"ಅರ್ಧ ಕೇಜಿನಾ?"

"ಹಸಿವು ಜಾಸ್ತಿ."

ಆವಲಪ್ಪ ಅವನ ಹೊಟ್ಟೆಯನ್ನು ನೋಡಿ, ನಂಬಿ, ಕಟ್ಟಿಕೊಟ್ಟ. ರಘುನಾಥನಿಗೆ ಮೊದಲ ಸಲ ಒಂಥರಾ ಆದದ್ದು ಅಲ್ಲಿಯೇ. ಛೇ, ಇದೇನು ಮಾಡುತ್ತಿದ್ದೇನೆ? ಆದರೆ ಮನಸ್ಸಿಗೆ ತಾನೇ ಸಮಾಧಾನ ಹೇಳಿಕೊಂಡ. ಇದು ಅಮ್ಮನಿಗಲ್ಲ. ಅಮ್ಮನಿಗೆ ಏನಾದರೂ ನೆಪ ಹೇಳಿ ಅವಲಕ್ಕಿಯನ್ನೇ ಕೊಟ್ಟರಾಯಿತು. ಇದು ಬರೀ ಆಶಾರಾಣಿಗೆ ತೋರಿಸುವುದಕ್ಕೆ. ಹೆಂಡತಿಯ ಮುಂದೆ ಒಂದು ಸಣ್ಣ ಸುಳ್ಳು, ಅದನ್ನು ಯಾವ ದೇವರೂ ಲೆಕ್ಕಕ್ಕಿಡುವುದಿಲ್ಲ.

ಮನೆಗೆ ಬಂದವನೇ ಚಿಪ್ಸನ್ನು ಸ್ಟೀಲ್ ತಟ್ಟೆಗೆ ಸುರಿದು, ಒಂದೊಂದನ್ನೂ ಟಿಶ್ಯೂ ಕಾಗದದಲ್ಲಿ ಒತ್ತಿ ಒರೆಸಿದ. ಮಗುವಿಗೆ ಸ್ನಾನ ಮಾಡಿಸಿದವರೂ ಅಷ್ಟು ಅಕ್ಕರೆಯಿಂದ ಒರೆಸುವುದಿಲ್ಲ. ಅರ್ಧ ಡಬ್ಬಿ ಟಿಶ್ಯೂ ಮುಗಿದರೂ ಎಣ್ಣೆ ಮುಗಿಯಲಿಲ್ಲ. ಒರೆಸುತ್ತ ತಲೆ ಎತ್ತಿದರೆ, ಬಾಗಿಲಲ್ಲಿ ಅಮ್ಮ.

"ಆಯ್ತೇನಪ್ಪ?"

ಟಿಶ್ಯೂ ಉಂಡೆಗಳು ಪ್ಯಾಂಟಿನ ಜೇಬಿಗೆ ಹೋದವು. "ಹೂಂ... ಆಯ್ತಮ್ಮ. ಆದ್ರೆ ನಿಂಗೆ ಬೇಡ, ಗಟ್ಟಿಯಾಗಿದೆ, ಹಲ್ಲಿಗೆ..."

"ಇರೋ ಹಲ್ಲಲ್ಲೇ ತಿಂತೀನಿ ಬಿಡು." ಅಮ್ಮ ಹತ್ತಿರ ಬಂದರು. ಅವರ ತುಟಿಯ ಅಂಚಿನಲ್ಲಿ ಕಪ್ಪಾಗಿ ಏನೋ ಅಂಟಿತ್ತು. ಅವರು ಈಗಲೂ ಕರಿ ಹಲ್ಲುಪುಡಿಯಲ್ಲೇ ಹಲ್ಲುಜ್ಜುವವರು, ಎದ್ದು ಬಾಯಿ ತೊಳೆದು ಬಂದಿರಬೇಕು ಎಂದುಕೊಂಡ. ಅಮ್ಮ ಒಂದು ಚಿಪ್ಸನ್ನು ಎತ್ತಿ, ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಅವನ ಮುಖ ನೋಡಿದರು.

"ಮನೇದೇ ತಾನೇ ಇದು?"

ಇಲ್ಲಿ ಅವನು ಹೇಳಬಹುದಿತ್ತು. ಬಾಯಿ ತೆರೆದದ್ದೂ ಹೇಳುವುದಕ್ಕೇ. ಆದರೆ ಬಾಯಿಗೆ ಬಂದದ್ದು, "ಮನೇದೇ ಅಮ್ಮ." ಯಾಕೆ ಬಂತು ಎಂದು ಕೇಳಿದರೆ ಅವನಿಗೆ ಈಗಲೂ ಗೊತ್ತಿಲ್ಲ.

"ಸರಿ ಬಿಡು. ಒಂದ್ ತಟ್ಟೇಲಿ ಹಾಕ್ಕೊಡು. ರೂಮಲ್ಲಿ ಕೂತು ನಿಧಾನಕ್ಕೆ ತಿಂತೀನಿ."

ಹಾಕಿಕೊಟ್ಟ. ಅಮ್ಮ ತಟ್ಟೆ ಹಿಡಿದು ಮೆಲ್ಲಗೆ ನಡೆದು ಹೋದರು. ಬಾಗಿಲು ಮುಚ್ಚಿಕೊಂಡಿತು. ರಘುನಾಥ ಅಡುಗೆಮನೆಯ ಕಟ್ಟೆ ಹಿಡಿದು ನಿಂತ. ನಲವತ್ತೈದು ವರ್ಷ! ಒಬ್ಬಟ್ಟಿನ ಎಲೆ ಮುಂದೆ ಕೂತೂ ಕೆಡದ ಹರಕೆ! ಅದೂ ಯಾರಿಗೋಸ್ಕರ? ತನಗೋಸ್ಕರ. ಅದನ್ನು ಕೆಡಿಸಿದವನು ಯಾರು? ತಾನೇ. ಹೆಂಡತಿಯ ಒಂದು ನೋಟಕ್ಕೆ ಹೆದರಿ ತಾಯಿಯ ಹರಕೆ ಮುರಿದ ಮಗ ಇಡೀ ಜಕ್ಕೂರಿನಲ್ಲಿ ಇವನೊಬ್ಬನೇ ಇರಬೇಕು. ಹತ್ತು ನಿಮಿಷದಲ್ಲಿ ಅಮ್ಮ ಖಾಲಿ ತಟ್ಟೆ ತಂದು ಸಿಂಕಿಗೆ ಹಾಕಿದರು. ರಘುನಾಥನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆರು ಗಂಟೆಗೆ ಆಶಾರಾಣಿ, ಸ್ಮಿತಾ ಬಂದರು. ಆಶಾರಾಣಿ ಮೊದಲು ಗೋಡೆಗಳನ್ನೆಲ್ಲ ನೋಡಿ, ಆಮೇಲೆ ತಟ್ಟೆ ನೋಡಿದಳು. ಒಂದು ಚಿಪ್ಸು ಬಾಯಿಗಿಟ್ಟು, ಅಗಿದು, ಬೆರಳು ಬೆರಳು ಉಜ್ಜಿ ನೋಡಿದಳು.

"ಎಣ್ಣೆ ಹಾಕಿಲ್ಲ ಅಂದ್ರಿ?"

"ಆಲೂಗಡ್ಡೆ ಒಳಗೇ ಸ್ವಲ್ಪ ಎಣ್ಣೆ ಇರುತ್ತೆ. ಬಿಸಿಗೆ ಹೊರಗ್ ಬರುತ್ತೆ."

"ಓಹೋ. ಮತ್ತೆ ಈ ಗೆರೆ ಗೆರೆ? ಇದೂ ಒಳಗಿಂದ್ಲೇ ಬಂತಾ?"

ಅಯ್ಯೋ! ಆವಲಪ್ಪನ ಅಂಗಡಿಯ ಚಿಪ್ಸಿಗೆ ಮಿಷನ್ನಿನ ಗೆರೆ ಇರುವುದನ್ನು ಅವನು ಗಮನಿಸಿಯೇ ಇರಲಿಲ್ಲ. ಟೈಲ್ಸ್ ಅಂಗಡಿಯವನ ಕಣ್ಣು, ಬೇಕಾದ ಹೊತ್ತಿಗೆ ಕೈ ಕೊಟ್ಟಿತ್ತು.

"ಅದು... ಮುಳ್ಳುಚಮಚದಲ್ಲಿ ಗೀರಿದ್ದು. ಒಂದೊಂದನ್ನೇ."

"ಒಂದೊಂದನ್ನೇ!" ಆಶಾರಾಣಿ ಮಗಳ ಮುಖ ನೋಡಿದಳು. ಸ್ಮಿತಾ, "ಸೂಪರ್ ಅಪ್ಪ, ಏನ್ ತಾಳ್ಮೆ ನಿಂದು!" ಎಂದು ಕೆಮ್ಮಿದಳು. ಅದು ಕೆಮ್ಮಲ್ಲ ಎಂದು ನಿಮಗೂ ನನಗೂ ಗೊತ್ತು.

ಅಷ್ಟರಲ್ಲಿ ಹಾಲ್‌ನಿಂದ ಅಮ್ಮನ ಫೋನಿನ ಮಾತು. ಶೆಟ್ಟಿಹಳ್ಳಿಯಲ್ಲಿರುವ ತಂಗಿ ಗೋಪಾಲಮ್ಮನ ಜೊತೆ. ಅಮ್ಮನ ಫೋನು ಯಾವಾಗಲೂ ಸ್ಪೀಕರಿನಲ್ಲಿ, ಅಮ್ಮನ ದನಿ ಸ್ಪೀಕರಿಗಿಂತ ಜೋರು.

"ಊಂ ಕಣೇ ಗೋಪಾಲೀ, ನಮ್ ರಘುನೇ ಮಾಡವ್ನೆ! ಮಧ್ಯಾನದಿಂದ ನಿಂತು, ಬೆವರು ಸುರ್ಸಿ, ಒಂದೊಂದಕ್ಕೂ ಗೆರೆ ಹಾಕಿ! ತಾಯಿಗೋಸ್ಕರ ಇಂಗೆ ಮಾಡೋ ಮಗ ಯಾರಿಗುಂಟು ಯೋಳು?"

"ಪುಣ್ಯ ಮಾಡಿದ್ದೆ ಕಣಕ್ಕ ನೀನು," ಎಂದಿತು ಫೋನು. "ನಾನೂ ಒಪ್ಪತ್ತು. ಮನೇದು ಅಂತೀಯ, ನನ್ಗೂ ನಾಕು ಇಟ್ಟಿರಕ್ಕ."

"ಇಟ್ಟಿರೋದೇನು, ರಘುನೇ ತಂದ್ಕೊಡ್ತಾನೆ! ಅಲ್ವೇನಪ್ಪ ರಘು?"

ಒಬ್ಬರ ಹರಕೆ ಕೆಡಿಸಿದ್ದು ಸಾಲದೆ ಈಗ ಚಿಕ್ಕಮ್ಮನ ಒಪ್ಪತ್ತನ್ನೂ ಸ್ಕೂಟರಿನಲ್ಲಿ ಹೋಗಿ ಕೆಡಿಸಿ ಬರಬೇಕು. ರಘುನಾಥ "ಹೂಂ" ಎಂದದ್ದು ಅವನಿಗೇ ಕೇಳಿಸಲಿಲ್ಲ. ಅಮ್ಮನ ಹೊಗಳಿಕೆ ಒಂದೊಂದೂ ಕೆನ್ನೆಗೆ ಬಾರಿಸಿದ ಹಾಗಿತ್ತು. ಕತ್ತು ಬಗ್ಗಿಸಿ ಕೂತ. ನೆಲದ ಟೈಲ್ಸು ಅವನೇ ಆರಿಸಿ ಹಾಕಿಸಿದ್ದು. ಅದನ್ನು ಇಷ್ಟು ಹೊತ್ತು ಅವನು ಎಂದೂ ನೋಡಿರಲಿಲ್ಲ.

ದೀಪ ಹಚ್ಚುವ ಹೊತ್ತಾಯಿತು. ಅಮ್ಮ ಕೈಕಾಲು ತೊಳೆದು ಬಂದು ದೇವರ ಮುಂದೆ ದೀಪ ಹಚ್ಚಿ, ಎಲ್ಲರನ್ನೂ ಕರೆದರು. ಪುಟ್ಟ ಬೆಳ್ಳಿ ತಟ್ಟೆಯಲ್ಲಿ ನಾಲ್ಕು ಚಿಪ್ಸು ಇಟ್ಟುಕೊಂಡಿದ್ದರು.

"ಬಾ ರಘು. ತಿಮ್ಮಪ್ಪಂಗೆ ಇದನ್ನೇ ನೈವೇದ್ಯ ಇಡಾಣ. ಅವತ್ತು ನಿನ್ನ ಉಳಿಸ್ಕೊಟ್ಟೋನು ಅವ್ನು. ನೀನು ಮೊದಲ್ನೇ ಸಲ ಒಲೆ ಮುಂದೆ ನಿಂತು ಮಾಡಿದ್ದು ಅವ್ನೂ ತಿನ್ಲಿ. ನೀನೇ ಇಡು. ಮಾಡ್ದೋರ ಕೈಯಲ್ಲೇ ಇಡ್ಬೇಕು."

ತಟ್ಟೆ ಅವನ ಕೈಗೆ ಬಂತು. ದೀಪದ ಬೆಳಕಿಗೆ ಚಿಪ್ಸಿನ ಎಣ್ಣೆ ಪಳಪಳ ಹೊಳೆಯಿತು. ಗೆರೆಗಳು ಎಣಿಸಬಹುದಾದಷ್ಟು ಸ್ಪಷ್ಟವಾಗಿ ಕಂಡವು. ಪಟದೊಳಗಿನ ತಿಮ್ಮಪ್ಪ ನೋಡುತ್ತಿದ್ದ. ಪಕ್ಕದಲ್ಲಿ ಆಶಾರಾಣಿಯೂ ನೋಡುತ್ತಿದ್ದಳು. ರಘುನಾಥ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡ.

"ಅಮ್ಮಾ, ಬೇಡ! ಇದು ಮನೇದಲ್ಲ! ಆವಲಪ್ಪನ ಅಂಗಡೀದು!"

ಶುರುವಾದ ಮೇಲೆ ಅವನಿಗೆ ನಿಲ್ಲಿಸಲಾಗಲಿಲ್ಲ. "ನಂದು ಸುಟ್ಟೋಯ್ತಮ್ಮ. ಎಲ್ಲಾ ಸುಟ್ಟೋಯ್ತು. ಇವಳು ಆಡ್ಕೋತಾಳೆ ಅಂತ ಹೋಗಿ ತಂದ್ಬಿಟ್ಟೆ. ನಿಂಗೆ ಕೊಡಬಾರ್ದು ಅಂತಾನೇ ಇದ್ದೆ, ನೀನ್ ಕೇಳ್ದಾಗ ಬಾಯಿ ತಪ್ಪಿ... ನಲವತ್ತೈದು ವರ್ಷದ ಹರಕೆ ನನ್ನಿಂದ ಕೆಟ್ಟೋಯ್ತಮ್ಮ. ನಾನ್ ಮನುಷ್ಯನೇ ಅಲ್ಲ. ಬೇಕಾದ್ರೆ ನೋಡು, ಸುಟ್ಟಿದ್ದು ಓವನ್‌ನಲ್ಲೇ ಇದೆ." ನಂಬಿಸಲೇಬೇಕು ಎಂಬ ಹಟಕ್ಕೆ ಬಿದ್ದವನಂತೆ ಅಡುಗೆಮನೆಗೆ ಓಡಿ ಓವನ್ ಬಾಗಿಲು ತೆಗೆದು ಟ್ರೇ ಎಳೆದ.

ಟ್ರೇ ಖಾಲಿ. ತೊಳೆದು, ಒರೆಸಿ ಇಟ್ಟಿತ್ತು.

ಹಿಂದೆ ತಿರುಗಿ ನೋಡಿದ. ಅಮ್ಮ ರೂಮಿನಿಂದ ಒಂದು ಡಬ್ಬಿ ತಂದು ಸ್ಮಿತಾಳ ಕೈಗೆ ಕೊಡುತ್ತಿದ್ದರು. ಒಳಗೆ ಅವನು ತಟ್ಟೆಯಲ್ಲಿ ಹಾಕಿಕೊಟ್ಟ ಅಷ್ಟೂ ಚಿಪ್ಸು ಹಾಗೆಯೇ ಇದ್ದವು. "ತಗೋ ಕಣವ್ವ, ನೀನ್ ತಿನ್ನು. ಅಂಗಡೀದು ನನ್ಗೆ ಆಗಲ್ಲ."

"ಅಮ್ಮಾ... ನೀನ್ ತಿನ್ಲಿಲ್ವಾ?"

"ಸಾಂಬ್ರಾಣಿ ವಾಸನೆ ನಂಗೆ ಗೊತ್ತಿಲ್ವೇನೋ? ನೀನ್ ಆ ಕಡೆ ಸ್ಕೂಟ್ರು ಹತ್ತಿದ್ದೇ ತಡ, ಎದ್ದು ಬಂದು ನೋಡ್ದೆ. ಆಮ್ಯಾಕೆ ಗೆರೆ ಗೆರೆ ತಂದಿಟ್ಟೆ. ಯೋಳ್ತಾನೆ, ಈಗ ಯೋಳ್ತಾನೆ ಅಂತ ಕಾಯ್ತಾ ಇದ್ದೆ. ನೀನ್ ಯೋಳ್ಲಿಲ್ಲ. ಗೋಪಾಲೀಗೂ ಮೊದ್ಲೇ ರೂಮಿಂದ ಮೆತ್ತಗೆ ಫೋನ್ ಮಾಡಿ ಇಂಗಿಂಗೆ ಅಂತ ಯೋಳಿ ಇಟ್ಟಿದ್ದೆ. ಕೊನೆಗೆ ತಿಮ್ಮಪ್ಪನ್ನೇ ಎಳ್ಕೊಂಡ್ ಬರ್ಬೇಕಾಯ್ತು ನೋಡು."

ಆಶಾರಾಣಿ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ತಿರುಗಿದಳು. ಅವಳ ಬೆನ್ನು ಕುಲುಕುತ್ತಿತ್ತು. ರಘುನಾಥನಿಗೆ ಅದರ ಕಡೆ ಗಮನವೇ ಇರಲಿಲ್ಲ.

"ಮತ್ತೆ ಸುಟ್ಟಿದ್ದು ಏನಾಯ್ತಮ್ಮ? ಎಸೆದ್ಯಾ?"

"ತೀರಾ ಇದ್ದಿಲಾಗಿದ್ದು ಸೇವಂತಿಗೆ ಗಿಡಕ್ಕೆ ಹಾಕ್ದೆ. ನಡೂಮಧ್ಯದ ಎಂಟು ತಿಂದೆ."

"ತಿಂದ್ಯಾ? ಅದನ್ನಾ?"

"ಇನ್ನೇನ್ ತಿನ್ಲಿ? ಈ ಮನೇಲಿ ನನ್ ಮಗ ಮಾಡಿದ್ದು ಅದೊಂದೇ ತಾನೇ."

ಹಾಗೆಂದು ನಕ್ಕರು. ಉಳಿದಿದ್ದ ಹಲ್ಲುಗಳ ಸಂದಿಯಲ್ಲೆಲ್ಲ ಕಪ್ಪು. ಅದು ಹಲ್ಲುಪುಡಿಯಲ್ಲ ಎಂದು ರಘುನಾಥನಿಗೆ ಆಗ ತಿಳಿಯಿತು. ತೊಂಬತ್ತೆರಡು ಕಿಲೋದ ಆಳು ನಾಲ್ಕು ವರ್ಷದವನ ಹಾಗೆ ಮೂತಿ ಸಣ್ಣದು ಮಾಡಿಕೊಂಡು, ಕಣ್ಣೆತ್ತಿ ನೋಡಲಾಗದೆ, ಖಾಲಿ ಟ್ರೇ ಹಿಡಿದು ನಿಂತ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮುನಿವೆಂಕಟಮ್ಮನವರು ದೇವರ ಮುಂದೆ ಹೋಗಿ ದೀಪದ ಬತ್ತಿ ಸರಿಮಾಡಿ, ಎಣ್ಣೆ ಹಾಕುತ್ತ, ಏನೋ ನೆನಪಾದವರಂತೆ ತಿರುಗಿದರು.

"ಇನ್ನೂ ಎರಡು ಶನಿವಾರ ಐತೆ ಕಣಪ್ಪ. ಮುಂದಿನ್ ಸಲ ಉಪ್ಪು ಹಾಕೋದು ಮರೀಬ್ಯಾಡ."

ಕಟ್ಟೆಯ ಮೇಲೆ, ಮಧ್ಯಾಹ್ನ ಇಟ್ಟ ಜಾಗದಲ್ಲೇ, ಉಪ್ಪಿನ ಬಟ್ಟಲು ಮುಟ್ಟಿದ ಗುರುತೂ ಇಲ್ಲದೆ ಕೂತಿತ್ತು.